ಹಳೆಯ ಮಾದರಿಯ ಟ್ಯಾಬ್ಲೆಟ್‌ಗಳ ಮುಂದುವರಿದ ಮಾರಾಟ

ತಂತ್ರಜ್ಞಾನ ಕಂಪನಿಗಳು ಟ್ಯಾಬ್ಲೆಟ್ ಗಣಕದ ಹೊಸ ಮಾದರಿಯನ್ನು ಬಿಡುಗಡೆ ಮಾಡಿದ ಬಳಿಕವೂ ಹಿಂದಿನ ಮಾದರಿಯನ್ನು ಕಡಿಮೆ ಬೆಲೆಗೆ ಮಾರುತ್ತಿರುವುದು ಸಾಮಾನ್ಯವಾದ ಪದ್ಧತಿಯಾಗಿದೆ. ಇದು ಉಗ್ರಾಣದಲ್ಲಿ ಉಳಿದ ಸರಕನ್ನು ಖಾಲಿ ಮಾಡುವ ರಿಯಾಯಿತಿ ಮಾರಾಟಕ್ಕಿಂತ ಭಿನ್ನವಾದುದು. ಇಲ್ಲಿ ಹಳೆಯ ಮಾದರಿಯನ್ನು ಹೊಸದಾಗಿ ತಯಾರಿಸುತ್ತಲೇ ಇರುತ್ತಾರೆ, ಕೆಲವೊಮ್ಮೆ ವರ್ಷಗಟ್ಟಲೆ. ತಯಾರಿಕಾ ವೆಚ್ಚದ ಇಳಿಕೆ, ಭಿನ್ನ ಆದಾಯದ ಗ್ರಾಹಕರನ್ನು ತಲುಪುವ ಉದ್ದೇಶ ಮತ್ತು ಶಾಲೆಗಳಂತಹ ಸಂಸ್ಥೆಗಳ ಬೇಡಿಕೆ ಇದಕ್ಕೆ ಮುಖ್ಯ ಕಾರಣಗಳು. ಆದರೆ ಹಳೆಯ ಮಾದರಿಗೆ ತಂತ್ರಾಂಶದ ಪರಿಷ್ಕರಣೆಗಳು ಎಷ್ಟು ಕಾಲ ದೊರೆಯುತ್ತವೆ ಎಂಬುದು ಅದರ ಯಂತ್ರಾಂಶದ ವಯಸ್ಸನ್ನು ಅವಲಂಬಿಸಿರುತ್ತದೆಯೇ ಹೊರತು ಗ್ರಾಹಕನು ಕೊಂಡ ದಿನವನ್ನಲ್ಲ. ಆದ್ದರಿಂದ ಕಡಿಮೆ ಬೆಲೆಯ ಖರೀದಿಯು ಎಲ್ಲ ಸಂದರ್ಭಗಳಲ್ಲಿಯೂ ಮಿತವ್ಯಯದ ಖರೀದಿಯಾಗುವುದಿಲ್ಲ.

ಹಿನ್ನೆಲೆ

ಈ ಪದ್ಧತಿಗೆ ಪ್ರಸಿದ್ಧ ಉದಾಹರಣೆ ಆಪಲ್ ಕಂಪನಿಯ ಐಪ್ಯಾಡ್ 2. ಇದು 2011ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದಲ್ಲಿ 499 ಡಾಲರ್ ಆರಂಭಿಕ ಬೆಲೆಗೆ ಬಿಡುಗಡೆಯಾಯಿತು. 2012ರ ಮಾರ್ಚ್‌ನಲ್ಲಿ ಹೆಚ್ಚು ಸ್ಪಷ್ಟವಾದ ಪರದೆಯುಳ್ಳ ಮೂರನೆಯ ಪೀಳಿಗೆಯ ಐಪ್ಯಾಡ್ ಬಂದಾಗ ಹಳೆಯದನ್ನು ಹಿಂತೆಗೆದುಕೊಳ್ಳದೆ ಅದರ ಬೆಲೆಯನ್ನು 399 ಡಾಲರ್‌ಗೆ ಇಳಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಾಲ್ಕನೆಯ ಪೀಳಿಗೆಯ ಐಪ್ಯಾಡ್ ಪ್ರಕಟವಾದೊಡನೆ ಮೂರನೆಯದು ಮಾರುಕಟ್ಟೆಯಿಂದ ಮರೆಯಾಯಿತು. ಐಪ್ಯಾಡ್ 2 ಮಾತ್ರ 2014ರ ಮಾರ್ಚ್‌ವರೆಗೆ ಮಾರಾಟದಲ್ಲಿ ಉಳಿಯಿತು. ಹೀಗೆ ಉತ್ತರಾಧಿಕಾರಿಯು ಏಳು ತಿಂಗಳಷ್ಟೇ ಬಾಳಿದರೆ, ಹಿರಿಯ ಮಾದರಿಯು ಮೂರು ವರ್ಷ ಬಾಳಿತು.

ತಯಾರಿಕಾ ವೆಚ್ಚ

ಹೊಸ ಮಾದರಿಯೊಂದನ್ನು ರೂಪಿಸುವಾಗ ವಿನ್ಯಾಸ, ಅಚ್ಚುಗಳು, ಪರೀಕ್ಷೆ ಹಾಗೂ ಜೋಡಣಾ ಸಾಲುಗಳಿಗಾಗಿ ಮೊದಲೇ ದೊಡ್ಡ ಮೊತ್ತವನ್ನು ತೊಡಗಿಸಬೇಕಾಗುತ್ತದೆ. ಒಂದು ಅಥವಾ ಎರಡು ವರ್ಷಗಳ ಮಾರಾಟದಲ್ಲಿ ಈ ಮೊತ್ತದ ಬಹುಪಾಲು ಮರಳಿ ಬಂದಿರುತ್ತದೆ. ಕಾಲ ಕಳೆದಂತೆ ಬಿಡಿಭಾಗಗಳ ಬೆಲೆ ಇಳಿಯುತ್ತದೆ ಮತ್ತು ತಯಾರಿಕೆಯಲ್ಲಿ ಹಾಳಾಗುವ ಘಟಕಗಳ ಪ್ರಮಾಣ ತಗ್ಗುತ್ತದೆ. ಆದ್ದರಿಂದ ಬೆಲೆಯನ್ನು ಇಳಿಸಿದ ಮೇಲೂ ಹಳೆಯ ಮಾದರಿಯು ಲಾಭವನ್ನು ತರಬಲ್ಲದು.

ಐಪ್ಯಾಡ್ 2ರ ಎ5 ಚಿಪ್ ಇದಕ್ಕೆ ನಿದರ್ಶನವಾಗಿದೆ. ಮೊದಲಿಗೆ ಅದನ್ನು 45 ನ್ಯಾನೊಮೀಟರ್ ತಂತ್ರದಲ್ಲಿ ತಯಾರಿಸಲಾಗುತ್ತಿತ್ತು. 2012ರಲ್ಲಿ ಅದೇ ಚಿಪ್ಪಿನ 32 ನ್ಯಾನೊಮೀಟರ್ ಆವೃತ್ತಿಯನ್ನು ಕೆಲವು ಐಪ್ಯಾಡ್ 2 ಸಾಧನಗಳಲ್ಲಿ ಅಳವಡಿಸಲಾಯಿತು. ಇದರಿಂದ ಚಿಪ್ಪಿನ ವಿಸ್ತೀರ್ಣ ಸುಮಾರು 122 ಚದರ ಮಿಲಿಮೀಟರ್‌ನಿಂದ ಸುಮಾರು 70 ಚದರ ಮಿಲಿಮೀಟರ್‌ಗೆ ಇಳಿಯಿತು. ಒಂದೇ ಅಳತೆಯ ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್ಪುಗಳು ದೊರೆಯತೊಡಗಿದವು. ವಿದ್ಯುತ್ ಬಳಕೆಯೂ ತಗ್ಗಿತು. ಎ5 ಚಿಪ್ ಐಫೋನ್ 4ಎಸ್ ಮತ್ತು ಮೊದಲ ಐಪ್ಯಾಡ್ ಮಿನಿಯಲ್ಲಿಯೂ ಬಳಕೆಯಾದುದರಿಂದ ತಯಾರಿಕೆಯ ಪ್ರಮಾಣ ಹೆಚ್ಚಿತು.

ಕೆಲವು ಕಂಪನಿಗಳು ಹಳೆಯ ಮಾದರಿಯ ಹೆಸರನ್ನೂ ರೂಪವನ್ನೂ ಉಳಿಸಿಕೊಂಡು ಒಳಗಿನ ಪ್ರೊಸೆಸರನ್ನು ಮಾತ್ರ ಬದಲಾಯಿಸುತ್ತವೆ. ಸ್ಯಾಮ್‌ಸಂಗ್ ಕಂಪನಿಯು 2020ರಲ್ಲಿ ಹೊರತಂದ ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್ ಮಾದರಿಯನ್ನು 2022 ಮತ್ತು 2024ರಲ್ಲಿ ಬೇರೆ ಪ್ರೊಸೆಸರ್‌ಗಳೊಂದಿಗೆ ಅದೇ ಹೆಸರಿನಲ್ಲಿ ಮತ್ತೆ ಬಿಡುಗಡೆ ಮಾಡಿತು.

ಬೆಲೆಯ ಮೆಟ್ಟಿಲುಗಳು

ಒಂದೇ ಬಗೆಯ ವಸ್ತುವಿಗೆ ಎಲ್ಲರೂ ಒಂದೇ ಮೊತ್ತವನ್ನು ತೆರಲು ಸಿದ್ಧರಿರುವುದಿಲ್ಲ. ಒಂದೇ ಬೆಲೆಯನ್ನು ನಿಗದಿಪಡಿಸಿದರೆ ಬೆಲೆ ಹೆಚ್ಚಾದಾಗ ಬಡ ಗ್ರಾಹಕನು ದೂರವಾಗುತ್ತಾನೆ. ಬೆಲೆ ಕಡಿಮೆಯಾದಾಗ ಹೆಚ್ಚು ಕೊಡಬಲ್ಲವನಿಂದ ಬರಬಹುದಾಗಿದ್ದ ಲಾಭ ತಪ್ಪುತ್ತದೆ. ಈ ಸಮಸ್ಯೆಗೆ ಮಾರಾಟಗಾರರು ಕಂಡುಕೊಂಡ ಪರಿಹಾರವನ್ನು ಅರ್ಥಶಾಸ್ತ್ರದಲ್ಲಿ ಬೆಲೆ ತಾರತಮ್ಯ ಎನ್ನುತ್ತಾರೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಸೆಸಿಲ್ ಪಿಗೂ 1920ರಲ್ಲಿ ಪ್ರಕಟಿಸಿದ ‘ದಿ ಎಕನಾಮಿಕ್ಸ್ ಆಫ್ ವೆಲ್‌ಫೇರ್’ ಗ್ರಂಥದಲ್ಲಿ ಇದರ ಮೂರು ದರ್ಜೆಗಳನ್ನು ವಿವರಿಸಿದ್ದಾನೆ.

ಈ ವಿಚಾರವು ಟ್ಯಾಬ್ಲೆಟ್‌ಗಿಂತ ಬಹಳ ಹಳೆಯದು. ಫ್ರಾನ್ಸಿನ ಎಂಜಿನಿಯರ್ ಜ್ಯೂಲ್ ದ್ಯುಪ್ವಿ 1849ರಲ್ಲಿಯೇ ರೈಲ್ವೆಯ ಮೂರನೆಯ ದರ್ಜೆಯ ಬೋಗಿಗಳನ್ನು ಕುರಿತು ಬರೆಯುತ್ತಾ, ಅವುಗಳಿಗೆ ಛಾವಣಿ ಇಲ್ಲದಿರುವುದು ಛಾವಣಿಯ ಖರ್ಚನ್ನು ಉಳಿಸಲು ಅಲ್ಲವೆಂದು ತೋರಿಸಿದನು. ಎರಡನೆಯ ದರ್ಜೆಗೆ ಹಣ ಕೊಡಬಲ್ಲವರು ಮೂರನೆಯ ದರ್ಜೆಗೆ ಇಳಿಯದಂತೆ ತಡೆಯುವುದೇ ಅದರ ಉದ್ದೇಶವಾಗಿತ್ತು. ಹಳೆಯ ಟ್ಯಾಬ್ಲೆಟ್‌ನ ಮಂದವಾದ ಪರದೆ ಮತ್ತು ನಿಧಾನವಾದ ಚಿಪ್ ಇದೇ ಕೆಲಸವನ್ನು ಮಾಡುತ್ತವೆ. ಅವು ಕಡಿಮೆ ಬೆಲೆಯ ಗ್ರಾಹಕನನ್ನು ಒಳಗೆ ಬಿಡುತ್ತವೆ. ಹೆಚ್ಚು ಬೆಲೆಯ ಗ್ರಾಹಕನನ್ನು ಮೇಲಿನ ಮೆಟ್ಟಿಲಿನಲ್ಲಿಯೇ ಉಳಿಸುತ್ತವೆ. ಕಡಿಮೆ ಬೆಲೆಯ ಮಾದರಿಯನ್ನು ಹೊಸದಾಗಿ ವಿನ್ಯಾಸಗೊಳಿಸುವುದಕ್ಕಿಂತ ಈಗಾಗಲೇ ಇರುವ ಮಾದರಿಯನ್ನು ಆ ಸ್ಥಾನಕ್ಕೆ ಇಳಿಸುವುದು ಕಂಪನಿಗೆ ಸುಲಭ.

2014ರ ಅಕ್ಟೋಬರ್‌ನಲ್ಲಿ ಆಪಲ್ ಕಂಪನಿಯು ಅಮೆರಿಕದಲ್ಲಿ ಐದು ಐಪ್ಯಾಡ್ ಮಾದರಿಗಳನ್ನು ಏಕಕಾಲದಲ್ಲಿ ಮಾರುತ್ತಿತ್ತು. ಅವುಗಳ ಆರಂಭಿಕ ಬೆಲೆ ಹೀಗಿತ್ತು: ಐಪ್ಯಾಡ್ ಮಿನಿ 249 ಡಾಲರ್, ಮಿನಿ 2 299 ಡಾಲರ್, ಮಿನಿ 3 ಮತ್ತು ಐಪ್ಯಾಡ್ ಏರ್ ತಲಾ 399 ಡಾಲರ್, ಏರ್ 2 499 ಡಾಲರ್. ಇವುಗಳಲ್ಲಿ ಮಿನಿ 3 ಮತ್ತು ಏರ್ 2 ಮಾತ್ರ ಹೊಸವು. ಉಳಿದ ಮೂರೂ ಹಿಂದಿನ ವರ್ಷಗಳ ಮಾದರಿಗಳು.

ಪ್ರತಿಸ್ಪರ್ಧಿಗಳನ್ನು ಎದುರಿಸುವುದಕ್ಕೂ ಕೆಳಗಿನ ಮೆಟ್ಟಿಲು ಅಗತ್ಯವಾಗಿತ್ತು. ಅಮೆಜಾನ್ ಕಂಪನಿಯ ಕಿಂಡಲ್ ಫೈರ್ 2011ರಲ್ಲಿ ಮತ್ತು ಗೂಗಲ್‌ನ ನೆಕ್ಸಸ್ 7 2012ರಲ್ಲಿ 199 ಡಾಲರ್‌ಗೆ ಮಾರುಕಟ್ಟೆಗೆ ಬಂದಿದ್ದವು.

ಶಾಲೆಗಳು ಮತ್ತು ಸಂಸ್ಥೆಗಳು

ನೂರಾರು ಟ್ಯಾಬ್ಲೆಟ್‌ಗಳನ್ನು ಒಟ್ಟಿಗೆ ಕೊಳ್ಳುವ ಸಂಸ್ಥೆಗಳಿಗೆ ಹೊಸತನಕ್ಕಿಂತ ಏಕರೂಪತೆ ಮುಖ್ಯ. ಒಂದೇ ಅಳತೆಯ ಹೊದಿಕೆ, ಒಂದೇ ಬಗೆಯ ಚಾರ್ಜರ್ ಮತ್ತು ಒಂದೇ ಬಳಕೆಯ ವಿಧಾನವಿದ್ದರೆ ನಿರ್ವಹಣೆ ಸುಲಭವಾಗುತ್ತದೆ. ಅಮೆರಿಕದಲ್ಲಿ ಗಣಕದ ಮೂಲಕ ಶಾಲಾ ಪರೀಕ್ಷೆಗಳನ್ನು ನಡೆಸಲು ಹಲವು ರಾಜ್ಯಗಳು ಸೇರಿ ರಚಿಸಿದ ಎರಡು ಒಕ್ಕೂಟಗಳು ಸಾಧನದ ಪರದೆ ಕನಿಷ್ಠ 9.5 ಇಂಚು ಇರಬೇಕೆಂದು ಗೊತ್ತುಪಡಿಸಿದ್ದವು. 7.9 ಇಂಚಿನ ಐಪ್ಯಾಡ್ ಮಿನಿ ಈ ಅಳತೆಗೆ ಸಾಲದಾಗಿತ್ತು, 9.7 ಇಂಚಿನ ಐಪ್ಯಾಡ್ 2 ಸಾಕಾಗುತ್ತಿತ್ತು.

ತಂತ್ರಾಂಶದ ಆಯುಷ್ಯ

ಟ್ಯಾಬ್ಲೆಟ್‌ನ ಕಾರ್ಯಾಚರಣಾ ವ್ಯವಸ್ಥೆಗೆ ಕಾಲಕಾಲಕ್ಕೆ ಹೊಸ ಆವೃತ್ತಿಗಳು ಬರುತ್ತವೆ. ಅವು ನಿಂತ ಬಳಿಕವೂ ಸಾಧನವು ಕೆಲಸ ಮಾಡುತ್ತದೆ; ಆದರೆ ಹೊಸ ಆ್ಯಪ್‌ಗಳು ಕ್ರಮೇಣ ಅದರಲ್ಲಿ ನಡೆಯದಂತಾಗುತ್ತವೆ ಮತ್ತು ಭದ್ರತೆಯ ದೋಷಗಳು ಸರಿಯಾಗದೆ ಉಳಿಯಬಹುದು. ಹಳೆಯ ಮಾದರಿಯನ್ನು ತಡವಾಗಿ ಕೊಂಡವರಿಗೆ ಈ ಸ್ಥಿತಿಯು ಬೇಗನೆ ಎದುರಾಗುತ್ತದೆ.

2016ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಐಒಎಸ್ 10 ಆವೃತ್ತಿಯು ಎ5 ಚಿಪ್ಪಿನ ಸಾಧನಗಳನ್ನು ಕೈಬಿಟ್ಟಿತು. 2011ರ ಮಾರ್ಚ್‌ನಲ್ಲಿ ಐಪ್ಯಾಡ್ 2 ಕೊಂಡವರಿಗೆ ಅಷ್ಟರಲ್ಲಿ ಐದೂವರೆ ವರ್ಷಗಳ ಬಳಕೆ ದೊರೆತಿತ್ತು. ಅದನ್ನೇ 2014ರ ಮಾರ್ಚ್‌ನಲ್ಲಿ ಕೊಂಡವರಿಗೆ ದೊರೆತದ್ದು ಎರಡೂವರೆ ವರ್ಷ ಮಾತ್ರ.

ಐಪ್ಯಾಡ್ ಮಿನಿಯ ವಿಷಯದಲ್ಲಿ ಈ ಅಂತರವು ಇನ್ನೂ ಸ್ಪಷ್ಟವಾಗಿದೆ. ಎ5 ಚಿಪ್ಪಿನ ಮೊದಲ ಮಿನಿಯ ಮಾರಾಟ 2015ರ ಜೂನ್‌ವರೆಗೆ ನಡೆಯಿತು. ಆ ತಿಂಗಳು 249 ಡಾಲರ್ ತೆತ್ತು ಅದನ್ನು ಕೊಂಡವರಿಗೆ ಹದಿನೈದು ತಿಂಗಳ ಬಳಿಕ ಹೊಸ ಆವೃತ್ತಿ ಸಿಗಲಿಲ್ಲ. ಅದೇ ದಿನ 299 ಡಾಲರ್‌ಗೆ ಮಿನಿ 2 ಕೊಂಡವರು 2019ರ ಸೆಪ್ಟೆಂಬರ್‌ವರೆಗೆ, ಅಂದರೆ ಸುಮಾರು ಐವತ್ತೊಂದು ತಿಂಗಳು, ಪ್ರಧಾನ ಆವೃತ್ತಿಗಳ ವ್ಯಾಪ್ತಿಯಲ್ಲಿದ್ದರು. ಬೆಲೆಯನ್ನು ಈ ತಿಂಗಳುಗಳಿಂದ ಭಾಗಿಸಿದರೆ ಮೊದಲನೆಯದರ ವೆಚ್ಚ ತಿಂಗಳಿಗೆ 16 ಡಾಲರ್ ಮೀರುತ್ತದೆ; ಎರಡನೆಯದರದು 6 ಡಾಲರ್‌ಗಿಂತ ಕಡಿಮೆ. 50 ಡಾಲರ್ ಉಳಿಸಿದವರು ವಾಸ್ತವದಲ್ಲಿ ಮೂರು ವರ್ಷಗಳನ್ನು ಕಳೆದುಕೊಂಡರು. ಬೆಲೆಯ ಚೀಟಿಯ ಮೇಲೆ ಈ ಲೆಕ್ಕವು ಕಾಣುವುದಿಲ್ಲ; ಅದನ್ನು ಕೊಳ್ಳುವವರೇ ಮಾಡಿಕೊಳ್ಳಬೇಕಾಗುತ್ತದೆ.

ಭಾರತದಲ್ಲಿ

ಹಳೆಯ ಮಾದರಿಯ ಬೆಲೆ ಎಲ್ಲೆಡೆ ಇಳಿಯುತ್ತದೆ ಎಂದು ಭಾವಿಸುವಂತಿಲ್ಲ. ಒಂಬತ್ತನೆಯ ಪೀಳಿಗೆಯ ಐಪ್ಯಾಡ್ 2021ರಲ್ಲಿ ಅಮೆರಿಕದಲ್ಲಿ 329 ಡಾಲರ್‌ಗೂ ಭಾರತದಲ್ಲಿ 30,900 ರೂಪಾಯಿಗೂ ಬಿಡುಗಡೆಯಾಯಿತು. 2022ರ ಅಕ್ಟೋಬರ್‌ನಲ್ಲಿ ಹತ್ತನೆಯ ಪೀಳಿಗೆಯ ಮಾದರಿಯು 449 ಡಾಲರ್ ಮತ್ತು 44,900 ರೂಪಾಯಿ ಬೆಲೆಯೊಂದಿಗೆ ಬಂದಾಗ ಹಳೆಯದರ ಬೆಲೆ ಅಮೆರಿಕದಲ್ಲಿ ಬದಲಾಗಲಿಲ್ಲ. ಭಾರತದಲ್ಲಿ ಅದು 33,900 ರೂಪಾಯಿಗೆ ಏರಿತು. ಡಾಲರಿನ ಎದುರು ರೂಪಾಯಿಯ ಮೌಲ್ಯ ಕುಸಿದಿದ್ದ ಕಾಲವದು.

ಮಾರಾಟದ ಕೊನೆ

ಹೊಸ ಮಾದರಿಯ ವೆಚ್ಚ ತಗ್ಗಿ ಅದೇ ಕೆಳಗಿನ ಮೆಟ್ಟಿಲಿಗೆ ಇಳಿಯಬಲ್ಲದಾದಾಗ ಹಳೆಯ ಮಾದರಿಯ ಮಾರಾಟ ಸಾಮಾನ್ಯವಾಗಿ ನಿಲ್ಲುತ್ತದೆ. 2024ರ ಮೇ ತಿಂಗಳಿನಲ್ಲಿ ಹತ್ತನೆಯ ಪೀಳಿಗೆಯ ಐಪ್ಯಾಡ್‌ನ ಬೆಲೆ 349 ಡಾಲರ್‌ಗೆ ಇಳಿದಾಗ ಒಂಬತ್ತನೆಯದನ್ನು ಹಿಂತೆಗೆದುಕೊಳ್ಳಲಾಯಿತು. ಕಾನೂನು ಕೂಡ ಇಂತಹ ಮಾರಾಟಕ್ಕೆ ಮಿತಿಯನ್ನು ಹಾಕಬಲ್ಲದು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸದಾಗಿ ಮಾರುಕಟ್ಟೆಗೆ ಬರುವ ಟ್ಯಾಬ್ಲೆಟ್ ಮತ್ತು ಮೊಬೈಲ್ ಫೋನುಗಳಿಗೆ ಯುಎಸ್‌ಬಿ-ಸಿ ಚಾರ್ಜಿಂಗ್ ಕಿಂಡಿ ಕಡ್ಡಾಯವಾಗಿದೆ. ಬೇರೆ ಬಗೆಯ ಕಿಂಡಿಯುಳ್ಳ ಹಳೆಯ ಮಾದರಿಗಳ ತಯಾರಿಕೆಯನ್ನು ಅಲ್ಲಿನ ಮಾರುಕಟ್ಟೆಗಾಗಿ ಮುಂದುವರಿಸುವುದು ಇದರಿಂದ ಅಸಾಧ್ಯವಾಯಿತು.