ವೈಫೈಗೆ ಎರಡು ತಡೆ: ಲಿನಕ್ಸ್‌ನ ಆರ್‌ಎಫ್‌ಕಿಲ್ ಬೋಧಿಸುವ ಬಗೆ

ಲ್ಯಾಪ್‌ಟಾಪಿನಲ್ಲಿ ವೈಫೈ ಸಿಗದಿದ್ದರೆ ವಿದ್ಯಾರ್ಥಿಗಳು ಮೊದಲು ಪಾಸ್‌ವರ್ಡ್ ನೋಡುತ್ತಾರೆ, ಆಮೇಲೆ ರೀಸ್ಟಾರ್ಟ್ ಮಾಡುತ್ತಾರೆ. ರೇಡಿಯೊವೇ ಬಂದ್ ಆಗಿರಬಹುದೆಂದು ಯೋಚಿಸುವವರು ಕಡಿಮೆ. ಈ ಪಾಠದ ಉದ್ದೇಶ ಒಂದೇ: ಊಹಿಸುವ ಮೊದಲು ಸ್ಥಿತಿಯನ್ನು ಓದಿ ನೋಡುವ ಅಭ್ಯಾಸ ಬೆಳೆಸುವುದು.

ವಿಷಯ ನಿರೂಪಣೆ

ಲಿನಕ್ಸ್ ಕರ್ನಲ್‌ನಲ್ಲಿ ‘ಆರ್‌ಎಫ್‌ಕಿಲ್’ ಎಂಬ ಉಪವ್ಯವಸ್ಥೆಯಿದೆ. ವೈಫೈ, ಬ್ಲೂಟೂತ್, ಮೊಬೈಲ್ ಮೋಡೆಮ್ ಮುಂತಾದವುಗಳ ಡ್ರೈವರ್‌ಗಳು ತಮ್ಮ ರೇಡಿಯೊವನ್ನು ಇದರಲ್ಲಿ ನೋಂದಾಯಿಸುತ್ತವೆ. ಪ್ರತಿ ರೇಡಿಯೊಗೂ ಎರಡು ತಡೆಗಳ ಲೆಕ್ಕ ಇರುತ್ತದೆ.

ಸಾಫ್ಟ್ ಬ್ಲಾಕ್: ತಂತ್ರಾಂಶ ಹಾಕಿದ ತಡೆ. ತಂತ್ರಾಂಶವೇ ತೆಗೆಯಬಹುದು.

ಹಾರ್ಡ್ ಬ್ಲಾಕ್: ಲ್ಯಾಪ್‌ಟಾಪಿನ ಬದಿಯ ಸ್ವಿಚ್ ಅಥವಾ ಫರ್ಮ್‌ವೇರ್ ಹಾಕಿದ ತಡೆ. ಆರ್‌ಎಫ್‌ಕಿಲ್ ಇದನ್ನು ತೋರಿಸಬಲ್ಲದು, ತೆಗೆಯಲಾರದು.

ಎರಡರಲ್ಲಿ ಒಂದಿದ್ದರೂ ರೇಡಿಯೊ ಕೆಲಸ ಮಾಡದು. ಮನೆಯ ಮೇನ್ ಸ್ವಿಚ್ ಆಫ್ ಆಗಿದ್ದರೆ ಕೋಣೆಯ ಸ್ವಿಚ್ ಒತ್ತಿ ಫಲವಿಲ್ಲವಲ್ಲ, ಹಾಗೆ. ಹೋಲಿಕೆಯ ಮಿತಿಯನ್ನೂ ಹೇಳಿ: ಕೋಣೆಯ ಸ್ವಿಚ್‌ಗೆ ಮೇನ್‌ನ ಸ್ಥಿತಿ ತಿಳಿಯದು, ಆಪರೇಟಿಂಗ್ ಸಿಸ್ಟಂಗೆ ತಿಳಿಯುತ್ತದೆ.

ಕೀಲಿಮಣೆಯ ವೈಫೈ ಕೀ ಇಲ್ಲಿ ಗೊಂದಲ ತರುತ್ತದೆ. ಕೆಲವು ಯಂತ್ರಗಳಲ್ಲಿ ಫರ್ಮ್‌ವೇರೇ ರೇಡಿಯೊ ನಿಲ್ಲಿಸುತ್ತದೆ. ಆಗ ಅದು ಹಾರ್ಡ್ ಬ್ಲಾಕ್. ಇನ್ನು ಕೆಲವದರಲ್ಲಿ ಕೀ ಒತ್ತಿದ ಸುದ್ದಿ ಮಾತ್ರ ಸಿಸ್ಟಂಗೆ ತಲುಪುತ್ತದೆ. ಆಗ ಸಾಫ್ಟ್ ಬ್ಲಾಕ್ ಬೀಳುತ್ತದೆ. ಕೀ ನೋಡಿ ನಿರ್ಧರಿಸಲಾಗದು, ಸ್ಥಿತಿಯನ್ನೇ ಓದಬೇಕು.

ಚಟುವಟಿಕೆ

ಟರ್ಮಿನಲ್‌ನಲ್ಲಿ ‘ಆರ್‌ಎಫ್‌ಕಿಲ್ ಲಿಸ್ಟ್’ ಆದೇಶ ಕೊಟ್ಟರೆ ಪ್ರತಿ ರೇಡಿಯೊದ ಕೆಳಗೆ ಎರಡೂ ತಡೆಗಳಿಗೆ ‘ಯೆಸ್’ ಅಥವಾ ‘ನೋ’ ಕಾಣುತ್ತದೆ. ‘ಆರ್‌ಎಫ್‌ಕಿಲ್ ಬ್ಲಾಕ್ ವೈಫೈ’ ಕೊಟ್ಟು ಬದಲಾವಣೆ ಓದಿಸಿ. ಬಳಿಕ ‘ಅನ್‌ಬ್ಲಾಕ್’ ಮಾಡಿಸಿ. ‘ಬ್ಲಾಕ್ ಆಲ್’ ಬಳಸಬೇಡಿ. ಬ್ಲೂಟೂತ್ ಮೌಸ್ ಕೂಡ ನಿಂತು ಪಾಠ ಅಲ್ಲಿಗೇ ತಡೆಯುತ್ತದೆ.

ರೀಸ್ಟಾರ್ಟ್‌ನಿಂದ ಸರಿಹೋಗುತ್ತದೆಂಬ ನಂಬಿಕೆಯನ್ನೂ ಪರೀಕ್ಷಿಸಲು ಬಿಡಿ. ಸಿಸ್ಟಂಡಿ ಬಳಸುವ ಯಂತ್ರಗಳು ಸಾಮಾನ್ಯವಾಗಿ ಸಾಫ್ಟ್ ಬ್ಲಾಕ್‌ನ ಸ್ಥಿತಿಯನ್ನು ಉಳಿಸಿಟ್ಟು, ಮತ್ತೆ ಆನ್ ಆದಾಗ ಅದನ್ನೇ ಮರಳಿ ತರುತ್ತವೆ.

ಮೌಲ್ಯಮಾಪನ

1. ಎರಡೂ ‘ಯೆಸ್’ ಇವೆ. ‘ಅನ್‌ಬ್ಲಾಕ್’ ಕೊಟ್ಟರೆ ಏನಾಗುತ್ತದೆ? (ಸಾಫ್ಟ್ ‘ನೋ’ ಆಗುತ್ತದೆ, ಹಾರ್ಡ್ ಉಳಿಯುವುದರಿಂದ ವೈಫೈ ಬರದು. ಸ್ವಿಚ್ ಹುಡುಕಬೇಕು.)

2. ಎರಡೂ ‘ನೋ’ ಇದ್ದು ವೈಫೈ ಇಲ್ಲ. ಮುಂದೇನು? (ತಡೆ ಕಾರಣವಲ್ಲ. ಈಗ ಡ್ರೈವರ್, ರೂಟರ್, ಪಾಸ್‌ವರ್ಡ್ ನೋಡಬೇಕು.)

ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಯಾವುದು ಕಾರಣವಲ್ಲ ಎಂದು ಹೇಳಬಲ್ಲ ವಿದ್ಯಾರ್ಥಿಯೇ ದೋಷ ಹುಡುಕುವುದನ್ನು ಕಲಿತವನು.