ದಾರಿ ಬದಿಯ ಕಾಡು ಕೊತ್ತಂಬರಿ

ಮಳೆ ಹಿಡಿದರೆ ಪೇಟೆಯ ಕೊತ್ತಂಬರಿ ಸೊಪ್ಪು ಮನೆ ಸೇರುವಷ್ಟರಲ್ಲಿ ಕೊಳೆತಿರುತ್ತದೆ. ಅದೇ ಪರಿಮಳದ ಗಿಡವೊಂದನ್ನು ನಾವು ತೋಟದ ರಸ್ತೆಯ ಅಂಚಿನಲ್ಲಿ ದಿನವೂ ತುಳಿದು ನಡೆಯುತ್ತೇವೆ, ಕಳೆಯೆಂದು ಕಿತ್ತೆಸೆಯುತ್ತೇವೆ. ಅದೇ ಕಾಡು ಕೊತ್ತಂಬರಿ. ಹೆಸರು ಹೀಗಿದ್ದರೂ ನಮ್ಮ ಕಾಡಿನದಲ್ಲ. ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಬಂದುದು. ಶಾಸ್ತ್ರೀಯ ನಾಮ ಎರಿಂಜಿಯಂ ಫೀಟಿಡಂ.

ಗುರುತಿಸುವುದು ಹೇಗೆ? ಉದ್ದನೆಯ ನುಣುಪು ಎಲೆಗಳು ನೆಲಕ್ಕೊತ್ತಿ ಸುತ್ತಲೂ ಹರಡಿರುತ್ತವೆ; ಅಂಚಿನಲ್ಲಿ ಗರಗಸದಂಥ ಹಲ್ಲುಗಳು. ಹೂಗೊಂಚಲಿನ ಬುಡದಲ್ಲಿ ಮುಳ್ಳಿನಂಥ ಎಲೆಗಳಿರುತ್ತವೆ. ನೆಲಕ್ಕೊತ್ತಿಯೇ ಬೆಳೆಯುವ ಹಸ್ತಿಪಾದವನ್ನು ಕಂಡು ಮೋಸಹೋಗಬಾರದು. ಅದರ ಎಲೆ ಒರಟು, ರೋಮಮಯ, ಹೂ ನೇರಳೆ. ಎಲೆ ಹಿಸುಕಿ ಮೂಸಿರಿ. ಕೊತ್ತಂಬರಿಯ ಗಾಢ ವಾಸನೆ ಬಾರದಿದ್ದರೆ ಬಿಟ್ಟುಬಿಡಿ.

ಒಂದು ಎಚ್ಚರಿಕೆ. ಈಗ ರಸ್ತೆಯಂಚಿಗೂ ಕಳೆನಾಶಕ ಹೊಡೆಯುವುದು ರೂಢಿ. ಹೊಡೆದ ದಿನವೇ ಎಲೆ ಬಾಡುವುದಿಲ್ಲ, ನೋಡಿದರೆ ತಿಳಿಯದು. ಆದ್ದರಿಂದ ಅಲ್ಲಿಯ ಸೊಪ್ಪು ಅಡಿಗೆಗೆ ಬೇಡ. ಔಷಧ ಹೊಡೆಯುವ ಮುನ್ನ ಆಳುಗಳಿಗೂ ತಿಳಿಸಿರಿ.

ಔಷಧ ತಾಗದ ಕಡೆಯಿಂದ ನಾಲ್ಕು ಸಸಿ ತಂದು ಬಾವಿಕಟ್ಟೆಯ ಬಳಿ ನೆಡಿರಿ. ನೆರಳು, ತೇವವಿದ್ದರೆ ಎಲೆ ಅಗಲವಾಗಿ ಮೃದುವಾಗುತ್ತದೆ. ಹೂಕಾಂಡ ಚಿವುಟುತ್ತಿದ್ದರೆ ಸೊಪ್ಪು ಬರುತ್ತಲೇ ಇರುತ್ತದೆ. ಒಂದೆರಡನ್ನು ಬಿತ್ತಕ್ಕೆ ಬಿಡಿರಿ. ಸಾರಿಗೆ ಒಂದೆರಡು ಎಲೆ ಸಾಕು.