‘ಸ್ಟೋರ್ಸ್’: ಫಲಕದ ಮೇಲೆ ಒಂದು ಅರ್ಥ, ಲೆಕ್ಕಪತ್ರದಲ್ಲಿ ಇನ್ನೊಂದು

ನಮ್ಮ ನಾಡಿನ ಯಾವುದೇ ಪೇಟೆಬೀದಿಯಲ್ಲಿ ನಡೆದರೂ ಪ್ರಾವಿಜನ್ ಸ್ಟೋರ್ಸ್, ಜನರಲ್ ಸ್ಟೋರ್ಸ್, ಮೆಡಿಕಲ್ ಸ್ಟೋರ್ಸ್ ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ಅಂಗಡಿ ಒಂದೇ, ಪದ ಮಾತ್ರ ಬಹುವಚನದಲ್ಲಿದೆ. ಇದನ್ನು ಅಲಂಕಾರವೆಂದು ಭಾವಿಸಿ ನಾವು ಸುಮ್ಮನಾಗುತ್ತೇವೆ. ಆದರೆ ಇದೇ ಪದವು ಫಲಕದಿಂದ ಇಳಿದು ದಾಸ್ತಾನು ಪುಸ್ತಕಕ್ಕೆ, ನೋಂದಣಿ ಅರ್ಜಿಗೆ, ವಿಮಾ ಪತ್ರಕ್ಕೆ ಬಂದಾಗ ಅದರ ಅರ್ಥ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಗಮನಿಸದ ವರ್ತಕ ಬಾಂಧವರು ತೊಂದರೆಗೆ ಸಿಲುಕುವುದನ್ನು ವೃತ್ತಿಜೀವನದಲ್ಲಿ ಹಲವು ಬಾರಿ ಕಂಡಿರುವುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಈ ಪದದ ಮೂಲಾರ್ಥ ಅಂಗಡಿ ಎಂದಲ್ಲ. ಹಳೆಯ ಫ್ರೆಂಚ್ ಭಾಷೆಯ ಮೂಲಕ ಬಂದ ಇದಕ್ಕೆ ಮುಂದಿನ ಉಪಯೋಗಕ್ಕಾಗಿ ಕೂಡಿಟ್ಟ ಸಾಮಗ್ರಿ ಎಂಬುದು ಮೊದಲ ಅರ್ಥ. ಅಂತಹ ಸಾಮಗ್ರಿಯನ್ನು ಇಡುವ ಜಾಗ ಎಂಬುದು ಅನಂತರದ್ದು. ಸರಕನ್ನು ಮಾರುವ ಜಾಗ ಎಂಬ ಮೂರನೆಯ ಅರ್ಥ ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದಿತು. ಬ್ರಿಟನ್ನಿನ ಜನರು ‘ಶಾಪ್’ ಎಂಬ ಪದವನ್ನೇ ಉಳಿಸಿಕೊಂಡರೂ, ಬಗೆಬಗೆಯ ಸಾಮಾನು ಒಂದೆಡೆ ದೊರೆಯುವ ಅಂಗಡಿಗೆ ಬಹುವಚನದಲ್ಲಿ ‘ಸ್ಟೋರ್ಸ್’ ಎಂದು ಕರೆದರು. 1844ರಲ್ಲಿ ರಾಕ್‌ಡೇಲ್ ಪಟ್ಟಣದ ಕಾರ್ಮಿಕರು ತೆರೆದ ಅಂಗಡಿಯಿಂದ ಸಹಕಾರಿ ಸ್ಟೋರ್‌ಗಳ ಪರಂಪರೆ ಬೆಳೆಯಿತು. 1871ರಲ್ಲಿ ಲಂಡನ್ನಿನಲ್ಲಿ ಸೇನಾಧಿಕಾರಿಗಳು ಸಹಕಾರ ತತ್ತ್ವದ ಮೇಲೆ ಸ್ಥಾಪಿಸಿದ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಮುಂದೆ ಮುಂಬಯಿ ಮತ್ತು ಕಲಕತ್ತೆಗಳಲ್ಲಿಯೂ ಶಾಖೆಗಳನ್ನು ತೆರೆಯಿತು. ನಮ್ಮ ಫಲಕಗಳ ಬಹುವಚನ ಬ್ರಿಟಿಷರ ಆ ರೂಢಿಯದು.

ಕೂಡಿಡುವ ಜಾಗ ಮತ್ತು ಮಾರುವ ಜಾಗ ಎರಡಕ್ಕೂ ಒಂದೇ ಪದ ಬಳಸುವುದು ಕನ್ನಡಕ್ಕೆ ಹೊಸದೇನಲ್ಲ. ‘ಭಂಡಾರ’ ಎಂಬುದು ಬೊಕ್ಕಸವೂ ಹೌದು, ‘ವಸ್ತ್ರ ಭಂಡಾರ’ ಎಂದಾಗ ಬಟ್ಟೆ ಅಂಗಡಿಯೂ ಹೌದು. ‘ಉಗ್ರಾಣ’ ಮಾತ್ರ ತನ್ನ ಅರ್ಥವನ್ನು ಬಿಟ್ಟುಕೊಟ್ಟಿಲ್ಲ.

ಈಗ ಕಾನೂನಿಗೆ ಬರೋಣ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದಲ್ಲಿ ‘ಅಂಗಡಿ’ ಎಂಬುದರ ವ್ಯಾಖ್ಯೆ ವ್ಯಾಪಾರ ನಡೆಯುವ ಕೋಣೆಗೆ ನಿಲ್ಲುವುದಿಲ್ಲ. ಆ ವ್ಯಾಪಾರಕ್ಕೆ ಸಂಬಂಧಿಸಿದಂತೆ ಬಳಸುವ ಕಚೇರಿ, ಸ್ಟೋರ್ ರೂಮು, ಗೋದಾಮು, ಉಗ್ರಾಣಗಳು ಅದೇ ಕಟ್ಟಡದಲ್ಲಿರಲಿ, ಬೇರೆಡೆ ಇರಲಿ, ಅಂಗಡಿಯಲ್ಲೇ ಸೇರುತ್ತವೆ. ಹಿಂದಿನ ಬೀದಿಯ ಗೋದಾಮಿನಲ್ಲಿ ಮೂಟೆ ಹೊರುವ ಆಳಿನ ರಜೆ, ಕೆಲಸದ ಅವಧಿಗಳ ವಿಷಯದಲ್ಲಿ ‘ಅದು ಅಂಗಡಿಯಲ್ಲ, ಬರೀ ಸ್ಟೋರು’ ಎಂಬ ವಾದ ನಿಲ್ಲುವುದಿಲ್ಲ. ಗಿರಾಕಿಗೆ ಪ್ರವೇಶವಿಲ್ಲದೆ, ಮೊಬೈಲಿನಲ್ಲಿ ಬಂದ ಬೇಡಿಕೆಯ ಸರಕನ್ನು ಕೆಲವೇ ನಿಮಿಷಗಳಲ್ಲಿ ಮನೆಗೆ ಕಳುಹಿಸುವ ‘ಡಾರ್ಕ್ ಸ್ಟೋರ್’ ಅಂಗಡಿಯೋ ಗೋದಾಮೋ ಎಂದು ಇತ್ತೀಚೆಗೆ ಸದಸ್ಯರೊಬ್ಬರು ಕೇಳಿದರು. ಅಲ್ಲಿ ನಡೆಯುವುದು ವ್ಯಾಪಾರವೇ ಆದ್ದರಿಂದ, ಹೆಸರು ಏನೇ ಇದ್ದರೂ, ಈ ವ್ಯಾಖ್ಯೆಯಿಂದ ಹೊರಗುಳಿಯುವುದು ಕಷ್ಟವೆಂಬುದು ನನ್ನ ಅಭಿಪ್ರಾಯ.

ಜಿಎಸ್‌ಟಿ ಕಾಯಿದೆಯ ದೃಷ್ಟಿ ಬೇರೆ. ಅದರ 2(85)ನೆಯ ಪ್ರಕರಣದಂತೆ ಸರಕನ್ನು ಸಂಗ್ರಹಿಸುವ ಗೋದಾಮು ಅಥವಾ ಯಾವುದೇ ಜಾಗವು ‘ವ್ಯವಹಾರ ಸ್ಥಳ’ವಾಗುತ್ತದೆ. ಮುಖ್ಯ ಸ್ಥಳವಲ್ಲದಿದ್ದರೆ ಅದನ್ನು ಹೆಚ್ಚುವರಿ ವ್ಯವಹಾರ ಸ್ಥಳವಾಗಿ ನೋಂದಣಿಯಲ್ಲಿ ಸೇರಿಸಬೇಕು. ಬದಲಾವಣೆಯಾದ 15 ದಿನಗಳೊಳಗೆ ತಿದ್ದುಪಡಿ ಅರ್ಜಿ ಸಲ್ಲಿಸಬೇಕು. ಘೋಷಿಸದ ಜಾಗದಲ್ಲಿ ಸರಿಯಾದ ದಾಖಲೆಗಳಿಲ್ಲದೆ ಸರಕು ಕಂಡುಬಂದರೆ, ನಿಯಮ 56(6)ರ ಪ್ರಕಾರ ಆ ಸರಕನ್ನು ಮಾರಿದಂತೆಯೇ ಭಾವಿಸಿ ಅಧಿಕಾರಿಯು ತೆರಿಗೆಯನ್ನು ನಿರ್ಧರಿಸಬಹುದು. ಮಾರದ ಮಾಲಿಗೆ ತೆರಿಗೆ!

ನನ್ನ ಕಕ್ಷಿದಾರರಾದ ಕಿರಾಣಿ ವರ್ತಕರೊಬ್ಬರು ದೀಪಾವಳಿಗೆ ಮುಂಚೆ ಸಕ್ಕರೆ ಮತ್ತು ಎಣ್ಣೆಯನ್ನು ಹೆಚ್ಚಾಗಿ ಖರೀದಿಸಿ, ಎರಡು ಬೀದಿಯಾಚೆ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಇರಿಸಿದ್ದರು. ದಾಸ್ತಾನು ಪುಸ್ತಕದಲ್ಲಿ ‘ಸ್ಟೋರ್‌ಗೆ’ ಎಂದಷ್ಟೇ ನಮೂದಾಗಿತ್ತು. ಅವರ ಅಂಗಡಿಯ ಹೆಸರಿನಲ್ಲಿಯೂ ‘ಸ್ಟೋರ್ಸ್’ ಇದ್ದುದರಿಂದ, ಸರಕು ಅಂಗಡಿಯಲ್ಲಿದೆಯೋ ಕೋಣೆಯಲ್ಲಿದೆಯೋ ಎಂಬುದು ಪುಸ್ತಕದಿಂದ ತಿಳಿಯುವಂತಿರಲಿಲ್ಲ. ತಪಾಸಣೆಗೆ ಬಂದವರು ಅಂಗಡಿಯ ದಾಸ್ತಾನನ್ನು ಎಣಿಸಿದಾಗ ಪುಸ್ತಕಕ್ಕಿಂತ ಕಡಿಮೆ ಇತ್ತು; ಉಳಿದದ್ದು ನೋಂದಣಿಯಲ್ಲಿಲ್ಲದ ಕೋಣೆಯಲ್ಲಿತ್ತು. ಖರೀದಿ ಬಿಲ್ಲುಗಳೆಲ್ಲ ಇದ್ದುದರಿಂದ ತೆರಿಗೆ ತಪ್ಪಿತು, ದಂಡ ತಪ್ಪಲಿಲ್ಲ. ನೋಟೀಸಿಗೆ ಉತ್ತರ ಬರೆಯುವಾಗ ಅವರ ಕಡತವನ್ನು ಪೂರ್ತಿ ನೋಡಿದೆ. ವಿಮಾ ಪತ್ರದಲ್ಲಿಯೂ ಅಂಗಡಿಯ ವಿಳಾಸ ಮಾತ್ರವೇ ಇತ್ತು. ಬ್ಯಾಂಕಿಗೆ ತಿಂಗಳು ತಿಂಗಳು ಕೊಡುತ್ತಿದ್ದ ದಾಸ್ತಾನು ಪಟ್ಟಿಯಲ್ಲಿ ಮಾತ್ರ ಕೋಣೆಯ ಸರಕೂ ಸೇರಿತ್ತು. ಆ ಕೋಣೆಗೆ ಬೆಂಕಿ ಬಿದ್ದಿದ್ದರೆ ಸಾಲ ಉಳಿಯುತ್ತಿತ್ತು, ಪರಿಹಾರ ಬರುತ್ತಿರಲಿಲ್ಲ. ಇದನ್ನು ಹೇಳಿದಾಗ ದಂಡದ ಬಗ್ಗೆ ಅವರಿಗಿದ್ದ ಕೋಪ ಇಳಿಯಿತು.

ಅಗ್ನಿ ವಿಮೆಯು ಸ್ಥಳಕ್ಕೆ ಅಂಟಿಕೊಂಡಿರುತ್ತದೆ. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯ 5 ಕೋಟಿ ರೂಪಾಯಿಗಳ ಮಿತಿಯನ್ನು ಲೆಕ್ಕ ಹಾಕುವುದೂ ಒಂದು ಸ್ಥಳದ ಆಸ್ತಿಯ ಮೇಲೆಯೇ. ಸರಕು ಎರಡು ಮೂರು ಕಡೆ ಓಡಾಡುವಂತಿದ್ದರೆ ಎಲ್ಲ ವಿಳಾಸಗಳನ್ನೂ ಕೊಟ್ಟು ಫ್ಲೋಟರ್ ಸೌಲಭ್ಯವನ್ನು ಕೇಳಿ ಪಡೆಯಬೇಕು. ಆಹಾರ ಪದಾರ್ಥಗಳ ವರ್ತಕರು ಎಫ್‌ಎಸ್‌ಎಸ್‌ಎಐ ಪರವಾನಗಿಯೂ ಸ್ಥಳವಾರು ಎಂಬುದನ್ನು ನೆನಪಿಡಬೇಕು. ಅಂಗಡಿಯಿಂದ ಸ್ವಂತ ಗೋದಾಮಿಗೆ ಸರಕು ಸಾಗಿಸುವಾಗ ಅದು ಮಾರಾಟವಲ್ಲವಾದರೂ ಡೆಲಿವರಿ ಚಲನ್ ಜೊತೆಗಿರಲಿ.

ಸಣ್ಣ ಉದ್ದಿಮೆದಾರರಿಗೆ ತೊಡಕಾಗುವುದು ಮೂಲಾರ್ಥವೇ, ಅಂದರೆ ಸಾಮಗ್ರಿ ಎಂಬ ಅರ್ಥ. ಕಾರ್ಖಾನೆಯಲ್ಲಿ ‘ಮೆಷಿನ್ ಶಾಪ್’ ಇರುತ್ತದೆ, ಪಕ್ಕದಲ್ಲಿ ‘ಸ್ಟೋರ್ಸ್’ ಇರುತ್ತದೆ, ಎರಡರಲ್ಲಿಯೂ ಮಾರಾಟವಿಲ್ಲ. ಕಟಿಂಗ್ ಆಯಿಲ್, ಗ್ರೀಸ್, ಕಾಟನ್ ವೇಸ್ಟ್, ವೆಲ್ಡಿಂಗ್ ರಾಡು ಮುಂತಾದ, ತಯಾರಾದ ಮಾಲಿನಲ್ಲಿ ಕಾಣದೆ ಖರ್ಚಾಗಿ ಹೋಗುವ ವಸ್ತುಗಳನ್ನು ಲೆಕ್ಕಶಾಸ್ತ್ರದಲ್ಲಿ ‘ಸ್ಟೋರ್ಸ್’ ಎನ್ನಲಾಗುತ್ತದೆ. 2013ರ ಕಂಪನಿ ಅಧಿನಿಯಮದ ಮೂರನೆಯ ಅನುಸೂಚಿಯು ಕಚ್ಚಾ ಸಾಮಗ್ರಿ, ಅರೆಸಿದ್ಧ ಸರಕು, ಸಿದ್ಧ ಸರಕು, ಮಾರಾಟಕ್ಕೆಂದು ಕೊಂಡ ಸರಕುಗಳ ಜೊತೆಗೆ ‘ಸ್ಟೋರ್ಸ್ ಮತ್ತು ಬಿಡಿಭಾಗ’ಗಳನ್ನು ಪ್ರತ್ಯೇಕವಾಗಿ ತೋರಿಸಲು ಹೇಳುತ್ತದೆ. ಮಾರ್ಚ್ 31ಕ್ಕೆ ಬಿನ್ ಕಾರ್ಡಿನ ಪ್ರಕಾರ ಉಳಿದಿರುವುದನ್ನು ಎಣಿಸದೆ, ಕೊಂಡದ್ದನ್ನೆಲ್ಲ ಖರ್ಚಿಗೆ ಹಾಕಿಬಿಡುವುದು ನಮ್ಮಲ್ಲಿ ಸಾಮಾನ್ಯ. ಮೊತ್ತ ಸಣ್ಣದಿದ್ದಾಗ ಯಾರೂ ಆಕ್ಷೇಪಿಸುವುದಿಲ್ಲ. ದೊಡ್ಡದಾದಾಗ ಆ ವರ್ಷದ ಲಾಭವೇ ತಪ್ಪಾಗುತ್ತದೆ.

ಬಿಡಿಭಾಗಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಉಪಯೋಗಕ್ಕೆ ಬರುವ ದುಬಾರಿ ಯಂತ್ರಭಾಗವು ಲೆಕ್ಕ ಮಾನದಂಡ 10ರ ಷರತ್ತುಗಳಿಗೆ ಹೊಂದಿದರೆ ಅದು ದಾಸ್ತಾನಲ್ಲ, ಸ್ಥಿರಾಸ್ತಿ. ಆಗ ತೆರಿಗೆಯ ಭಾಗವನ್ನೂ ಸೇರಿಸಿ ಸವಕಳಿ ಪಡೆದರೆ, ಜಿಎಸ್‌ಟಿಯ 16(3)ನೆಯ ಪ್ರಕರಣದಂತೆ ಆ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಹಾಗೆಯೇ ತುಕ್ಕು ಹಿಡಿದ ಹಳೆಯ ಸ್ಟೋರ್ಸನ್ನು ಲೆಕ್ಕದಿಂದ ತೆಗೆದುಹಾಕಿದರೆ 17(5)(ಎಚ್) ಪ್ರಕಾರ ಹಿಂದೆ ಪಡೆದ ಕ್ರೆಡಿಟ್ಟನ್ನು ಹಿಂತಿರುಗಿಸಬೇಕು. ಗುಜರಿಗೆ ಮಾರಿ ತೆರಿಗೆ ಕಟ್ಟುವುದು ಎಷ್ಟೋ ವೇಳೆ ಲಾಭಕರ.

ಸರ್ಕಾರಿ ಟೆಂಡರುಗಳಲ್ಲಿ ‘ಸ್ಟೋರ್ಸ್’ ಎಂದರೆ ನೀವು ಪೂರೈಸಬೇಕಾದ ಸರಕು. 1922ರ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್‌ನ ಕಾಲದ ಈ ಭಾಷೆ, ಡಿಜಿಎಸ್&ಡಿ 2017ರಲ್ಲಿ ಮುಚ್ಚಿ ಖರೀದಿಯು ಜೆಮ್ ಜಾಲತಾಣಕ್ಕೆ ಹೋದ ಮೇಲೂ ಪೂರ್ತಿ ಅಳಿದಿಲ್ಲ. ಬಂದರಿನ ವ್ಯವಹಾರದಲ್ಲಿ ಹಡಗಿನ ಉಪಯೋಗಕ್ಕೆ ಹೋಗುವ ಇಂಧನ, ಬಿಡಿಭಾಗಗಳನ್ನು 1962ರ ಸುಂಕ ಅಧಿನಿಯಮವು ಇದೇ ಪದದಿಂದ ಗುರುತಿಸುತ್ತದೆ.

ಫಲಕದ ಬಗ್ಗೆ ಒಂದು ಮಾತು ಉಳಿಯಿತು. ಎದುರು ಸಾಲಿನಲ್ಲಿ ಇನ್ನೊಬ್ಬರು ‘ಸ್ಟೋರ್ಸ್’ ಎಂದು ಬರೆಸಿದರೆಂದು ವ್ಯಾಜ್ಯಕ್ಕೆ ಹೊರಟವರೂ ಇದ್ದಾರೆ. 1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮದ 17ನೆಯ ಪ್ರಕರಣದಂತೆ, ವ್ಯಾಪಾರದಲ್ಲಿ ಸರ್ವಸಾಮಾನ್ಯವಾದ ಪದದ ಮೇಲೆ ಪ್ರತ್ಯೇಕ ಹಕ್ಕು ಯಾರಿಗೂ ಬರುವುದಿಲ್ಲ. ನೋಂದಣಿ ಮಾಡಿಸುವವರು ಅದರ ಹಿಂದಿರುವ ಹೆಸರಿನ ವಿಶಿಷ್ಟತೆಯ ಕಡೆ ಗಮನ ಕೊಡಬೇಕು.